ಸಣ್ಣ ನಗರದ ಯೋಜನಾ ಕಚೇರಿ: ನಕ್ಷೆಯ ಗೆರೆ ನೆಲದ ಮೇಲೆ ನಿಲ್ಲಬೇಕಾದರೆ

ವರ್ಗವಾಗಿಯೋ ಬಡ್ತಿ ಪಡೆದೋ ಸಣ್ಣ ನಗರದ ಯೋಜನಾ ಪ್ರಾಧಿಕಾರಕ್ಕೆ ಸದಸ್ಯ ಕಾರ್ಯದರ್ಶಿಯಾಗಿ ಬಂದವರಿಗೆ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಮೇಲಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಬಣ್ಣದ ನಕ್ಷೆ. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಆ ನಕ್ಷೆಯ ಮುಂದೆ ಕೂರುವ ಮೊದಲು ರೆಕಾರ್ಡ್ ರೂಮಿನ ಬೀಗ ತೆಗೆಸಿ ಎಂದು ನಾನು ಹೇಳುತ್ತೇನೆ. ಊರಿನಲ್ಲಿ ಇದುವರೆಗೆ ಒಪ್ಪಿಗೆಯಾದ ಬಡಾವಣೆಗಳ ಕಡತಗಳು ಅಲ್ಲಿವೆ. ಸಾರ್ವಜನಿಕರಿಗೆ ಸೇರಬೇಕಾದ ರಸ್ತೆ, ಉದ್ಯಾನ, ಹಳ್ಳ ಎಷ್ಟು ಉಳಿದಿವೆ, ಎಷ್ಟು ಕೈಬಿಟ್ಟು ಹೋಗಿವೆ ಎಂಬುದು ಆ ಕಡತಗಳಿಂದ ತಿಳಿಯುತ್ತದೆ, ಬಣ್ಣದ ನಕ್ಷೆಯಿಂದ ತಿಳಿಯುವುದಿಲ್ಲ.

ಯಾರ ಕೈಯಲ್ಲಿ ಏನಿದೆ ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳಬೇಕು. ಕರ್ನಾಟಕದಲ್ಲಿ 50 ಸಾವಿರದಿಂದ 3 ಲಕ್ಷದವರೆಗೆ ಜನರಿರುವ ಊರಿಗೆ ನಗರಸಭೆ. ಸಂವಿಧಾನದ 74ನೇ ತಿದ್ದುಪಡಿಯೊಂದಿಗೆ ಬಂದ 12ನೇ ಅನುಸೂಚಿಯ ಮೊದಲ ಬಾಬ್ತೇ ನಗರ ಯೋಜನೆ. ಆದರೂ ನಮ್ಮಲ್ಲಿ ಆ ಅಧಿಕಾರ ಇರುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ರಚನೆಯಾದ ಪ್ರಾಧಿಕಾರದ ಬಳಿ. ಬಡಾವಣೆಗೆ ಒಪ್ಪಿಗೆ ಕೊಡುವುದು ಪ್ರಾಧಿಕಾರ, ಭೂ ಪರಿವರ್ತನೆ ಜಿಲ್ಲಾಧಿಕಾರಿಯದು, ಕಟ್ಟಡ ಪರವಾನಗಿ ಮತ್ತು ಖಾತೆ ನಗರಸಭೆಯದು, ಅಳತೆ ಭೂದಾಖಲೆ ಇಲಾಖೆಯದು, ಪತ್ರ ನೋಂದಣಿ ಉಪ ನೋಂದಣಾಧಿಕಾರಿಯದು. ಒಂದು ತುಂಡು ನೆಲಕ್ಕೆ ಐದು ಕಚೇರಿ. ಒಂದರಲ್ಲಿ ನಡೆದದ್ದು ಇನ್ನೊಂದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಸಾರ್ವಜನಿಕ ಜಾಗ ಕಳೆದುಹೋಗುವುದು ಬಹುಪಾಲು ಈ ಕಚೇರಿಗಳ ನಡುವಿನ ಸಂದಿನಲ್ಲೇ. ಆ ಸಂದುಗಳನ್ನು ಮುಚ್ಚುವುದೇ ಯೋಜನಾ ಮುಖ್ಯಸ್ಥರ ನಿಜವಾದ ಕೆಲಸ ಎಂಬುದು ನನ್ನ ಗಟ್ಟಿ ನಂಬಿಕೆ.

ಉದ್ಯಾನ ಮತ್ತು ನಾಗರಿಕ ಸೌಲಭ್ಯ ನಿವೇಶನಗಳಿಂದಲೇ ಶುರು ಮಾಡಿ. ಒಂದು ಲೆಕ್ಕ ನೋಡಿ. 4 ಎಕರೆ ಬಡಾವಣೆ ಎಂದರೆ 160 ಗುಂಟೆ, ಸುಮಾರು 16,187 ಚದರ ಮೀಟರ್. ಅದರಲ್ಲಿ ಶೇ. 10 ಉದ್ಯಾನಕ್ಕೆ ಬಿಟ್ಟರೆ 16 ಗುಂಟೆ. ಒಂದು ಗುಂಟೆಗೆ 1,089 ಚದರ ಅಡಿಯಂತೆ ಅದು 17,424 ಚದರ ಅಡಿ. ಮೂವತ್ತು ನಲವತ್ತರ ನಿವೇಶನ 14 ಆಗುವಷ್ಟು ಜಾಗ. ಲೇಔಟ್ ಮಾಡಿದವರ ಕಣ್ಣು ಅದರ ಮೇಲೆ ಯಾಕಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಊರಿನಲ್ಲಿ ಇಂಥ 60 ಬಡಾವಣೆ ಇದ್ದರೆ 24 ಎಕರೆ ಉದ್ಯಾನ ಇರಬೇಕು. ಇದೆಯೇ?

ಇದಕ್ಕೆ ಒಂದು ವಹಿ ತೆರೆಯಿರಿ. ಎಕ್ಸೆಲ್ ಹಾಳೆಯಾದರೂ ಸಾಕು, ಆದರೆ ಮುದ್ರಿಸಿ ಸಹಿ ಹಾಕಿದ ಪ್ರತಿಯೂ ಇರಲಿ. ಪ್ರತಿ ಬಡಾವಣೆಗೆ ಒಂದು ಸಾಲು: ಗ್ರಾಮ, ಸರ್ವೆ ನಂಬರ್, ಒಪ್ಪಿಗೆ ಆದೇಶದ ಸಂಖ್ಯೆ ಮತ್ತು ದಿನಾಂಕ, ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯ (ಸಿಎ) ನಿವೇಶನಗಳ ವಿಸ್ತೀರ್ಣ ಚದರ ಮೀಟರ್‌ನಲ್ಲಿ. ಮುಂದಿನ ಐದು ಕಾಲಂಗಳೇ ಈ ವಹಿಯ ಜೀವ. ರಸ್ತೆ, ಉದ್ಯಾನಗಳನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವ ಪರಿತ್ಯಾಜನಾ ಪತ್ರ ನೋಂದಣಿಯಾಗಿದೆಯೇ, ಅದರ ದಸ್ತಾವೇಜು ಸಂಖ್ಯೆ ಏನು? ಆ ಪತ್ರದ ಷೆಡ್ಯೂಲ್‌ನಲ್ಲಿ ಪ್ರತಿ ಉದ್ಯಾನಕ್ಕೂ ಬೇರೆ ಬೇರೆ ಚಕ್ಕುಬಂದಿ ಇದೆಯೇ? ಪತ್ರದ ದಿನಾಂಕದಿಂದ ಇಂದಿನವರೆಗೆ ತೆಗೆಸಿದ ಋಣಭಾರ ಪ್ರಮಾಣಪತ್ರದಲ್ಲಿ ಬೇರೆ ವಹಿವಾಟು ಕಾಣುತ್ತದೆಯೇ? ಆಸ್ತಿಗಳ ಡಿಜಿಟಲ್ ದಾಖಲೆಯಾದ ಇ-ಆಸ್ತಿಯಲ್ಲಿ ಖಾತೆ ನಗರಸಭೆಯ ಹೆಸರಿಗೆ ಆಗಿದೆಯೇ? ಸ್ಥಳದಲ್ಲಿ ಟೇಪು ಹಿಡಿದು ಅಳೆದಾಗ ಎಷ್ಟು ಸಿಕ್ಕಿತು?

ತುಂಬಲು ಹೊರಟಾಗ ತೊಡಕುಗಳು ಒಂದೊಂದಾಗಿ ಬಯಲಾಗುತ್ತವೆ. ಕೆಲವು ಕಡತಗಳಲ್ಲಿ ಪರಿತ್ಯಾಜನಾ ಪತ್ರದ ಕರಡು ಮಾತ್ರ ಇರುತ್ತದೆ, ನೋಂದಣಿಯೇ ಆಗಿರುವುದಿಲ್ಲ. ಇನ್ನು ಕೆಲವು ನೋಂದಣಿಯಾಗಿದ್ದರೂ ಷೆಡ್ಯೂಲ್‌ನಲ್ಲಿ ‘ನಕ್ಷೆಯಲ್ಲಿ ಹಸಿರು ಬಣ್ಣದಿಂದ ತೋರಿಸಿದ ಜಾಗ’ ಎಂದಷ್ಟೇ ಬರೆದು, ಆ ನಕ್ಷೆಯನ್ನು ಪತ್ರಕ್ಕೆ ಲಗತ್ತಿಸಿರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ: ಪತ್ರ ಸರಿಯಾಗಿದ್ದರೂ ಪಹಣಿ ಹಾಗೇ ಮೂಲ ಮಾಲೀಕರ ಹೆಸರಿನಲ್ಲಿ ಉಳಿದಿರುತ್ತದೆ. ಹದಿನೈದು ವರ್ಷ ಕಳೆದು ಮಕ್ಕಳು ಪಾಲು ಮಾಡಿಕೊಳ್ಳುವಾಗ ಉದ್ಯಾನದ ಗುಂಟೆಗಳೂ ಪಾಲಿಗೆ ಬರುತ್ತವೆ. ಅವರಲ್ಲಿ ಒಬ್ಬರು ಅದನ್ನು ಮಾರುತ್ತಾರೆ, ಕೊಂಡವರು ಮನೆ ಕಟ್ಟುತ್ತಾರೆ, ಪ್ರಕರಣ ಸಿವಿಲ್ ನ್ಯಾಯಾಲಯ ಸೇರುತ್ತದೆ. ಆದ್ದರಿಂದ ಪರಿತ್ಯಾಜನಾ ಪತ್ರದ ಪ್ರತಿಯೊಂದಿಗೆ ತಹಶೀಲ್ದಾರರಿಗೂ ಪೌರಾಯುಕ್ತರಿಗೂ ಒಂದೇ ದಿನ ಪತ್ರ ಹೋಗಬೇಕು. ಪಹಣಿ ತಿದ್ದುಪಡಿಯಾದ ಮ್ಯುಟೇಷನ್ ಸಂಖ್ಯೆ, ನಗರಸಭೆಯ ಇ-ಖಾತೆ ಸಂಖ್ಯೆ ಎರಡೂ ವಹಿಗೆ ಬಂದ ಮೇಲೆಯೇ ಆ ಸಾಲು ಮುಗಿಯಿತು ಎಂದು ಲೆಕ್ಕ.

ಸ್ಥಳಕ್ಕೆ ಹೋಗುವಾಗ ಪ್ರಾಧಿಕಾರದ ನಕ್ಷೆಗಾರ, ನಗರಸಭೆಯ ಕಿರಿಯ ಅಭಿಯಂತರ, ಆ ವಾರ್ಡಿನ ಕರ ವಸೂಲಿಗಾರ ಮೂವರೂ ಜೊತೆಗಿರಲಿ. ಉದ್ಯಾನದ ನಾಲ್ಕು ಮೂಲೆಗಳಿಂದ ಹತ್ತಿರದ ರಸ್ತೆ ಕೂಡುವ ಜಾಗಕ್ಕೆ ಇರುವ ದೂರ ಅಳೆದು, ಮಹಜರಿನಲ್ಲಿ ಬರೆದು ಮೂವರ ಸಹಿ ಪಡೆಯಿರಿ. ಫೋಟೋದಲ್ಲಿ ದಿನಾಂಕ ಮತ್ತು ಅಕ್ಷಾಂಶ-ರೇಖಾಂಶ ಬರುವಂತೆ ನೋಡಿಕೊಳ್ಳಿ. ಬೇಲಿಗೆ ಅನುದಾನ ಬರುವವರೆಗೆ ಕಾಯಬೇಡಿ: ನಾಲ್ಕು ಮೂಲೆಗೆ ಗುರುತು ಕಲ್ಲು, ದಸ್ತಾವೇಜು ಸಂಖ್ಯೆ ಬರೆದ ಒಂದು ಫಲಕ ಮೊದಲು ನಿಲ್ಲಲಿ. ಕೊಳ್ಳಲು ಬಂದವರು ಮೊದಲು ಓದುವುದು ಆ ಫಲಕವನ್ನೇ.

ಇನ್ನು ಹಳ್ಳ ಮತ್ತು ಖರಾಬಿನ ವಿಚಾರ. ಇದನ್ನು ಹತ್ತಿರದಿಂದ ನೋಡದೆ ಯಾವ ಬಡಾವಣೆ ನಕ್ಷೆಗೂ ಸಹಿ ಹಾಕಬಾರದು. ಪಹಣಿಯ ಮೂರನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಅ-ಖರಾಬು, ಬ-ಖರಾಬು ಎಂದು ಎರಡು ಸಾಲು ಇರುತ್ತವೆ. ಅ-ಖರಾಬು ಹಿಡುವಳಿಯೊಳಗಿನ ಬಂಡೆ, ದಿಬ್ಬದಂಥ ಸಾಗುವಳಿಯಾಗದ ನೆಲ. ಬ-ಖರಾಬು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ; ಅದು ಸರ್ಕಾರದ್ದು. 3 ಎಕರೆ 20 ಗುಂಟೆಯ ಸರ್ವೆ ನಂಬರಿನಲ್ಲಿ 6 ಗುಂಟೆ ಬ-ಖರಾಬು ಇದ್ದರೆ ಬಡಾವಣೆಯ ಲೆಕ್ಕ 134 ಗುಂಟೆಗೆ ನಡೆಯಬೇಕು, 140ಕ್ಕಲ್ಲ. ಅರ್ಜಿಯ ನಕ್ಷೆಗಳಲ್ಲಿ ಈ 6 ಗುಂಟೆಯನ್ನೇ ‘ಉದ್ಯಾನ’ ಎಂದು ತೋರಿಸಿ ಶೇ. 10ರ ಲೆಕ್ಕ ತುಂಬಿಸುವುದು ಬಹಳ ಹಳೆಯ ದಾರಿ. ಸರ್ಕಾರದ ನೆಲವನ್ನೇ ಸರ್ಕಾರಕ್ಕೆ ಬಿಟ್ಟುಕೊಟ್ಟ ಹಾಗಾಯಿತು. ಜೊತೆಗೆ ಹಳ್ಳ ಮುಚ್ಚಿ ಸಮತಟ್ಟು ಮಾಡಿದರೆ ನೀರಿನ ದಾರಿಯೂ ಹೋಯಿತು.

ಪಹಣಿಯಲ್ಲಿ ಗುಂಟೆ ಮಾತ್ರ ಇರುತ್ತದೆ. ಅದು ಯಾವ ಮೂಲೆಯಲ್ಲಿದೆ ಎಂದು ತಿಳಿಯಲು ಮೊದಲ ಸರ್ವೆಯ ಅಳತೆ ಬರೆದ ಕೈಚಿತ್ರವಾದ ಮೂಲ ಟಿಪ್ಪಣಿ ಬೇಕು, ಗ್ರಾಮ ನಕ್ಷೆ ಬೇಕು. ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಮೊದಲ ನೋಟಕ್ಕೆ ಉಪಯುಕ್ತ, ಗಡಿ ತೀರ್ಮಾನಕ್ಕೆ ಅದನ್ನು ಆಧಾರ ಮಾಡಬೇಡಿ. ಟಿಪ್ಪಣಿಯೂ ಅಳತೆಗೆ ತಕ್ಕಂತೆ ಬರೆದ ಚಿತ್ರವಲ್ಲ. ಅದರಲ್ಲಿ ಬರೆದ ಸರಪಳಿ ಅಂಕಿಗಳೇ ಪ್ರಮಾಣ. 33 ಅಡಿ ಉದ್ದ 33 ಅಡಿ ಅಗಲ ಒಂದು ಗುಂಟೆ ಎಂಬ ಲೆಕ್ಕದಿಂದ ಅಂಕಿಗಳನ್ನು ಮೀಟರಿಗೆ ತಂದು, ಸರ್ವೇಯರ್ ಜೊತೆ ಹದ್ದುಬಸ್ತು ಮಾಡಿಸಿದ ಮೇಲೆ ಹಳ್ಳದ ಎರಡೂ ದಡ ನಕ್ಷೆಯ ಮೇಲೆ ಬರಬೇಕು. ನಿಮ್ಮ ವಲಯ ನಿಯಮಾವಳಿ ಹೇಳಿದ, ಕಟ್ಟಡ ಕಟ್ಟದೆ ಬಿಡಬೇಕಾದ ಅಂಚು ಪ್ರದೇಶವನ್ನು (ಬಫರ್) ಅಳೆಯಬೇಕಾದ್ದು ದಡದಿಂದ. ಹಳ್ಳದ ಮಧ್ಯದ ಗೆರೆಯಿಂದ ಅಳೆದ ನಕ್ಷೆ ಬಂದರೆ ಹಿಂದಕ್ಕೆ ಕಳುಹಿಸಿ.

ಬಯಲುಸೀಮೆಯ ಊರುಗಳಲ್ಲಿ ಇನ್ನೂ ಒಂದು ಅಪಾಯವಿದೆ: ಒಣಗಿದ ಕೆರೆಯ ಕೋಡಿ ಕಾಲುವೆ. ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳು ವರ್ಷಗಟ್ಟಲೆ ಬರಿದಾಗಿದ್ದವು. ಕೋಡಿ ಹರಿಯುವುದನ್ನೇ ಕಾಣದ ತಲೆಮಾರಿಗೆ ಆ ಕಾಲುವೆ ಬರೀ ಮುಳ್ಳುಗಿಡದ ತಗ್ಗು. 2018ರ ಜೂನ್‌ನಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬರತೊಡಗಿದ ಮೇಲೆ ಕೆರೆಗಳು ಒಂದಾದ ಮೇಲೊಂದು ತುಂಬಿದವು. ಕೆರೆ ತುಂಬಿದ ಮೇಲೆ ಜೋರು ಮಳೆ ಬಂದರೆ ಹೆಚ್ಚಾದ ನೀರು ಹಳೆಯ ದಾರಿಯಲ್ಲೇ ಹೋಗುತ್ತದೆ, ಅಲ್ಲಿ ಮನೆ ಇರಲಿ ಬಿಡಲಿ. ಹಾಗಾಗಿ ಬಡಾವಣೆ ಅರ್ಜಿ ಬಂದಾಗ ಆ ಸರ್ವೆ ನಂಬರಿನ ಮೇಲ್ಭಾಗದಲ್ಲಿ ಯಾವ ಕೆರೆ ಇದೆ, ಅದರ ಕೋಡಿ ಎತ್ತ ಮುಖ ಮಾಡಿದೆ, ಆ ಕೋಡಿಯಿಂದ ಮುಂದಿನ ಕೆರೆಯ ತನಕ ಕಾಲುವೆ ಯಾವ ಯಾವ ಸರ್ವೆ ನಂಬರಿನಲ್ಲಿ ಹಾದುಹೋಗಿದೆ ಎಂದು ಗ್ರಾಮ ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕಡತಕ್ಕೆ ಸೇರಿಸಿ. ಊರಿನ ಹಿರಿಯ ರೈತರನ್ನೂ, ಹಿಂದೆ ನೀರುಗಂಟಿ ಕೆಲಸ ಮಾಡಿದ ಮನೆತನದವರನ್ನೂ ಕೇಳಿ. ಕಡತದಲ್ಲಿಲ್ಲದ ಕಾಲುವೆಯ ತಿರುವು ಅವರಿಗೆ ಗೊತ್ತಿರುತ್ತದೆ. ಮಲೆನಾಡಿನಲ್ಲಿ ಇದೇ ಎಚ್ಚರ ಇಳಿಜಾರಿನ ಬಗ್ಗೆ ಬೇಕು. 2018ರ ಆಗಸ್ಟ್‌ನಲ್ಲಿ ಮಡಿಕೇರಿಯಲ್ಲಿ ಗುಡ್ಡ ಜರಿದು ಮನೆಗಳು ಹೋದ ಮೇಲಂತೂ, ಗುಡ್ಡ ಕಡಿದು ಮಾಡುವ ನಿವೇಶನದ ನಕ್ಷೆಯನ್ನು ನೆಲದ ಏರಿಳಿತ ತೋರುವ ಎತ್ತರ ರೇಖೆಗಳಿಲ್ಲದೆ (ಕಾಂಟೂರ್) ಒಪ್ಪುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮಹಾಯೋಜನೆಯ ನಕ್ಷೆಯ ಅಳತೆಯ ಬಗ್ಗೆ ಹೊಸಬರು ತಿಳಿಯಲೇಬೇಕಾದ ಒಂದು ಲೆಕ್ಕವಿದೆ. ನಮ್ಮ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7920 ಪ್ರಮಾಣದವು, ಅಂದರೆ ಎಂಟು ಅಂಗುಲಕ್ಕೆ ಒಂದು ಮೈಲಿ. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು 4 ಮೀಟರ್ ಅಗಲ. ಕೇಂದ್ರದ ಅಮೃತ್ ಯೋಜನೆಯಡಿ ತಯಾರಾಗುವ ಜಿಐಎಸ್ (ಕಂಪ್ಯೂಟರಿನ ಪದರ ಪದರದ ಭೂಮಾಹಿತಿ) ನಕ್ಷೆಗಳು 1:4000. ಅದೇ ಗೆರೆ ಅಲ್ಲಿ 2 ಮೀಟರ್. ಮೂವತ್ತು ಅಡಿ ಅಗಲದ ನಿವೇಶನಕ್ಕೆ 2 ಮೀಟರ್ ಎಂದರೆ ಅಗಲದ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಆದ್ದರಿಂದ ‘ನನ್ನ ಸೈಟು ರಸ್ತೆಯೊಳಗೆ ಬರುತ್ತದೆಯೇ’ ಎಂದು ಕೇಳಿ ಬಂದವರಿಗೆ ಪರದೆಯ ಮೇಲೆ ನಕ್ಷೆ ಹಿಗ್ಗಿಸಿ ತೋರಿಸಿ ಉತ್ತರ ಕೊಡಬೇಡಿ. ರಸ್ತೆಯ ಮಧ್ಯರೇಖೆಯನ್ನು ಸ್ಥಳದಲ್ಲಿ ಗುರುತಿಸಿ, ಎರಡೂ ಬದಿಗೆ ಅರ್ಧರ್ಧ ಅಗಲ ಅಳೆದ ಮೇಲೆ ಲಿಖಿತ ಉತ್ತರ ಕೊಡಿ.

ನಕ್ಷೆ ಮಾಡಿಕೊಟ್ಟ ಸಲಹಾ ಸಂಸ್ಥೆಯಿಂದ ಪಿಡಿಎಫ್ ಮಾತ್ರ ತೆಗೆದುಕೊಂಡರೆ ಮುಂದಿನ ಹತ್ತು ವರ್ಷ ಅವರ ಹಿಂದೆ ಅಲೆಯಬೇಕಾಗುತ್ತದೆ. ಮೂಲ ಕಡತಗಳು, ಪ್ರತಿ ಪದರದ ವಿವರ ಪಟ್ಟಿ, ನೆಲದ ನಿಯಂತ್ರಣ ಬಿಂದುಗಳ ಪಟ್ಟಿ ಎಲ್ಲವನ್ನೂ ಕೊನೆಯ ಕಂತಿನ ಬಿಲ್ಲಿಗೆ ಮೊದಲೇ ಪಡೆಯಿರಿ. ಸ್ವೀಕರಿಸುವ ಮುನ್ನ ಮೂರು ಗ್ರಾಮಗಳ ಗಡಿ ಕೂಡುವ ಕಲ್ಲುಗಳ ಬಳಿಗೆ ಹೋಗಿ, ಹೆಚ್ಚು ನಿಖರವಾದ ಜಿಪಿಎಸ್ ಉಪಕರಣವಾದ ಡಿಜಿಪಿಎಸ್‌ನಿಂದ ಓದಿದ ಸ್ಥಾನ ಮತ್ತು ನಕ್ಷೆಯ ಸ್ಥಾನ ಹೋಲಿಸಿ. ಭೂಮಿಯನ್ನು ರೇಖಾಂಶದ ಪಟ್ಟಿಗಳಾಗಿ ಹಂಚುವ ಯುಟಿಎಂ ನಕ್ಷಾ ಪದ್ಧತಿಯಲ್ಲಿ ರಾಜ್ಯದ ಬಹುಭಾಗ 43ನೇ ವಲಯದಲ್ಲಿದೆ. 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಕೋಲಾರ, ಮುಳಬಾಗಿಲು 44ರಲ್ಲಿ. ವಲಯ ತಪ್ಪಿದರೆ ನಕ್ಷೆ ಎಲ್ಲೋ ದೂರ ಹೋಗಿ ಬೀಳುವುದರಿಂದ ತಕ್ಷಣ ಗೊತ್ತಾಗುತ್ತದೆ. ಸುಲಭಕ್ಕೆ ಗೊತ್ತಾಗದ ತಪ್ಪು ಬೇರೆ: ಎವರೆಸ್ಟ್ ಎಂಬ ಹಳೆಯ ಭೂಮಾಪನ ಆಧಾರದ ಟೋಪೋಶೀಟನ್ನು ಪರಿವರ್ತಿಸದೆ, ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಆಧಾರದ ಉಪಗ್ರಹ ಚಿತ್ರದ ಮೇಲೆ ಹಾಸಿರುತ್ತಾರೆ. ನಕ್ಷೆ ಹೆಚ್ಚುಕಡಿಮೆ ಕೂತಂತೆ ಕಾಣುತ್ತದೆ, ಆದರೆ ಹಳ್ಳ ಪಕ್ಕದ ಸರ್ವೆ ನಂಬರಿಗೆ ಸರಿದಿರುತ್ತದೆ.

ಬಡಾವಣೆ ನಕ್ಷೆ ಪರಿಶೀಲನೆಯಲ್ಲಿ ಶೇಕಡಾವಾರು ಲೆಕ್ಕ ಎಲ್ಲರೂ ನೋಡುತ್ತಾರೆ. ಯಾರೂ ನೋಡದಿರುವುದು ಪಕ್ಕದ ಬಡಾವಣೆಯನ್ನು. ಸಣ್ಣ ನಗರಗಳಲ್ಲಿ ಎರಡು, ಮೂರು ಎಕರೆಯ ತುಂಡು ಬಡಾವಣೆಗಳೇ ಹೆಚ್ಚು. ಒಂದೊಂದೂ ತನ್ನಷ್ಟಕ್ಕೆ 9 ಮೀಟರ್ ರಸ್ತೆ ಹಾಕಿ, ತನ್ನ ಗಡಿಗೆ ಬಂದು ಕಾಂಪೌಂಡ್ ಕಟ್ಟಿ ನಿಲ್ಲುತ್ತದೆ. ಹತ್ತು ಬಡಾವಣೆ ಸೇರಿದರೂ ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ನೇರ ದಾರಿ ಇಲ್ಲ. ಆಂಬುಲೆನ್ಸ್ ಹೆದ್ದಾರಿಗೆ ಬಂದು ಸುತ್ತಿ ಹೋಗಬೇಕು. ಕುಡಿಯುವ ನೀರಿನ ಪೈಪು ಎಲ್ಲ ಕಡೆ ಕೊನೆಯಾಗುವುದರಿಂದ ತುದಿಯ ಮನೆಗಳಿಗೆ ಒತ್ತಡ ಸಿಗುವುದಿಲ್ಲ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಒಪ್ಪಿಗೆಯಾದ ಎಲ್ಲ ಬಡಾವಣೆಗಳ ರಸ್ತೆಗಳನ್ನು ಒಂದೇ ಜಿಐಎಸ್ ಪದರಕ್ಕೆ ಏರಿಸಿ. ಹೊಸ ನಕ್ಷೆ ಬಂದಾಗ ಅದನ್ನು ಅದರ ಮೇಲೆ ಇಟ್ಟು, ಪಕ್ಕದ ರಸ್ತೆಗಳು ಗಡಿ ಮುಟ್ಟುವ ಜಾಗದಲ್ಲೇ ಹೊಸ ರಸ್ತೆಗಳು ಮುಂದುವರಿಯುವಂತೆ ಬದಲಾಯಿಸಲು ಹೇಳಿ. ಪಕ್ಕದಲ್ಲಿ ಇನ್ನೂ ಹೊಲವಿದ್ದರೆ, ರಸ್ತೆ ಗಡಿಯವರೆಗೆ ಹೋಗಿ ತೆರೆದೇ ನಿಲ್ಲಬೇಕು. ಅದರ ತುದಿಯಲ್ಲಿ ನಿವೇಶನವಾಗಲಿ, ಒಂದು ಅಡಿಯ ಪಟ್ಟಿಯಾಗಲಿ ಉಳಿಸಿಕೊಳ್ಳುವಂತಿಲ್ಲ ಎಂದು ಷರತ್ತು ಹಾಕಿ. ಆ ಒಂದು ಅಡಿ ಪಟ್ಟಿಯನ್ನು ಇಟ್ಟುಕೊಂಡು ಮುಂದಿನವರಿಂದ ದುಡ್ಡು ಕೇಳುವವರಿದ್ದಾರೆ.

ಸಂಪರ್ಕ ರಸ್ತೆಯ ದಾಖಲೆಯನ್ನೂ ಹಾಗೆಯೇ ನೋಡಬೇಕು. ನೂರು ರೂಪಾಯಿ ಸ್ಟಾಂಪ್ ಕಾಗದದ ಮೇಲೆ ಪಕ್ಕದ ಜಮೀನಿನವರ ಒಪ್ಪಿಗೆ ಪತ್ರ ತಂದುಕೊಟ್ಟರೆ ಅದು ದಾರಿಯಲ್ಲ. ಅವರು ಜಮೀನು ಮಾರಿದ ದಿನ ದಾರಿ ಮುಚ್ಚುತ್ತದೆ. ನೋಂದಾಯಿತ ಪತ್ರ ಇರಬೇಕು, ಅದರ ಅಗಲ ಬಡಾವಣೆಯೊಳಗಿನ ಮುಖ್ಯ ರಸ್ತೆಗಿಂತ ಕಡಿಮೆ ಇರಬಾರದು. ಚರಂಡಿಯ ವಿಷಯಕ್ಕೆ ಅರ್ಧ ಮೀಟರ್ ಅಂತರದ ಎತ್ತರ ರೇಖೆಗಳಿರುವ ನಕ್ಷೆ ಕೇಳಿ. 200ಕ್ಕೆ 1ರ ಇಳಿಜಾರು ಎಂದರೆ 150 ಮೀಟರ್ ಉದ್ದಕ್ಕೆ 75 ಸೆಂಟಿಮೀಟರ್ ಇಳಿಕೆ. ರಸ್ತೆಯ ಕೊನೆಯಲ್ಲಿ ಅಷ್ಟು ತಗ್ಗು ಸಿಗದಿದ್ದರೆ, ಆ ಚರಂಡಿ ಸೊಳ್ಳೆ ಸಾಕುವ ತೊಟ್ಟಿಯಾಗುತ್ತದೆ. ಚರಂಡಿ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ನಕ್ಷೆಯ ಹೊರಗೂ ಬಾಣ ಹಾಕಿ ತೋರಿಸಲಿ. ‘ಪಕ್ಕದ ಜಮೀನಿಗೆ’ ಎಂಬುದು ಉತ್ತರವಲ್ಲ.

ನಿವೇಶನಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುವ ಪದ್ಧತಿ, ಬಹಳ ಕಾಲ ನಡೆದ ಶೇ. 40, 30, 30ರಂತೆ ಮೂರು ಕಂತಿನ ಲೆಕ್ಕ, ಪ್ರಾಧಿಕಾರದ ಕೈಯಲ್ಲಿರುವ ಒಂದೇ ಹಿಡಿತ. ನಿಯಮ ಆಗಾಗ ಬದಲಾಗುತ್ತದೆ, ಜಾರಿಯಲ್ಲಿರುವ ಆದೇಶ ನೋಡಿಕೊಳ್ಳಿ. ಯಾವ ಲೆಕ್ಕವಾದರೂ, ಕೊನೆಯ ಹಂತಕ್ಕೆ ಉಳಿಸುವ ನಿವೇಶನಗಳನ್ನು ನೀವು ಆರಿಸಬೇಕು, ಅರ್ಜಿದಾರರು ಆರಿಸಬಾರದು. ಮೂಲೆ ನಿವೇಶನ ಮತ್ತು ಮುಖ್ಯ ರಸ್ತೆಯ ನಿವೇಶನಗಳು ಕೊನೆಗೆ ಉಳಿದರೆ ಒಳಚರಂಡಿ, ನೀರಿನ ಟ್ಯಾಂಕು, ವಿದ್ಯುತ್ ಪರಿವರ್ತಕ ಎಲ್ಲ ಬೇಗ ಮುಗಿಯುತ್ತವೆ. ಮಾರಾಟವಾಗದ ಹಿಂಬದಿಯ ನಿವೇಶನಗಳನ್ನು ಮಾತ್ರ ಹಿಡಿದಿಟ್ಟರೆ ಅವರು ಆ ಕೆಲಸಗಳ ಕಡೆ ತಿರುಗಿಯೂ ನೋಡುವುದಿಲ್ಲ. ಬಿಡುಗಡೆಗೆ ಮುನ್ನ ನಗರಸಭೆ, ನೀರು ಸರಬರಾಜು, ವಿದ್ಯುತ್ ಕಂಪನಿ ಮೂರರ ಪೂರ್ಣಗೊಂಡ ವರದಿ ಇರಲಿ. ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ ನೀರು ಬಿಟ್ಟು ಹರಿಸಿ ನೋಡಿ. ನೆಲದೊಳಗೆ ಪೈಪೇ ಇಲ್ಲದ ಮ್ಯಾನ್‌ಹೋಲ್‌ಗಳು ಹಾಗೆಯೇ ಪತ್ತೆಯಾಗುವುದು.

ಮಹಾಯೋಜನೆಯ ಪರಿಷ್ಕರಣೆ ಹತ್ತು ವರ್ಷಕ್ಕೊಮ್ಮೆ ಆಗಬೇಕು. ಈಗ ಅದಕ್ಕೆ ಕೈ ಹಾಕುವವರ ಮುಂದಿರುವ ದೊಡ್ಡ ತೊಂದರೆ ಎಂದರೆ ಕೈಯಲ್ಲಿರುವ ಜನಗಣತಿ 2011ರದ್ದು. 2011ರಲ್ಲಿ 60 ಸಾವಿರ ಜನರಿದ್ದ ಒಂದು ಊರನ್ನು ತೆಗೆದುಕೊಳ್ಳಿ. ವರ್ಷಕ್ಕೆ ಶೇ. 2ರ ಬೆಳವಣಿಗೆ ಎಂದರೆ 2031ಕ್ಕೆ ಸುಮಾರು 89,150, ಶೇ. 3 ಎಂದರೆ 1,08,350ರ ಆಸುಪಾಸು. ವ್ಯತ್ಯಾಸ 19 ಸಾವಿರಕ್ಕೂ ಹೆಚ್ಚು. ಹೆಕ್ಟೇರಿಗೆ 100 ಜನರ ಸಾಂದ್ರತೆಯಲ್ಲಿ ಅಷ್ಟು ಜನಕ್ಕೆ 190 ಹೆಕ್ಟೇರು, ಸುಮಾರು 470 ಎಕರೆ ಹೊಲ ಹಳದಿ ಬಣ್ಣಕ್ಕೆ ತಿರುಗಬೇಕು. ಯಾವ ಶೇಕಡಾವಾರು ಹಿಡಿಯುತ್ತೀರಿ ಎಂಬುದರ ಮೇಲೆ ನೂರಾರು ಕುಟುಂಬಗಳ ಜಮೀನಿನ ಬೆಲೆ ನಿಂತಿದೆ. ಅದಕ್ಕೇ ದೊಡ್ಡ ಅಂಕಿಯ ಕಡೆಗೆ ತಳ್ಳುವ ಒತ್ತಡ ಯಾವಾಗಲೂ ಇರುತ್ತದೆ. ವಿದ್ಯುತ್ ಕಂಪನಿಯ ಗೃಹಬಳಕೆ ಸಂಪರ್ಕಗಳು, ಇ-ಆಸ್ತಿಯ ಮನೆಗಳ ಸಂಖ್ಯೆ, ಒಂದನೇ ತರಗತಿಯ ದಾಖಲಾತಿ, ಮತದಾರರ ಪಟ್ಟಿ ನಾಲ್ಕನ್ನೂ ವರ್ಷವಾರು ಪಕ್ಕಪಕ್ಕ ಇಟ್ಟು, ಅವು ತೋರುವ ಬೆಳವಣಿಗೆಯ ದರವನ್ನು ನಡಾವಳಿಯಲ್ಲಿ ದಾಖಲಿಸಿ. ಆಮೇಲೆ ಅಂಕಿಯ ಬಗ್ಗೆ ಚರ್ಚೆ ನಡೆದರೂ ಅದಕ್ಕೊಂದು ಆಧಾರವಿರುತ್ತದೆ.

ನಗರ ಯೋಜನೆ ತಯಾರಿಕೆಗಾಗಿ ಕೇಂದ್ರ ಹೊರತಂದ 2014ರ ಯುಆರ್‌ಡಿಪಿಎಫ್‌ಐ ಮಾರ್ಗಸೂಚಿ ಸಣ್ಣ ಪಟ್ಟಣಗಳಿಗೆ ವಸತಿ ಶೇ. 45ರಿಂದ 50, ಉದ್ಯಾನ-ಆಟದ ಬಯಲು 12ರಿಂದ 14, ಸಾರಿಗೆ 10ರಿಂದ 12 ಎಂದು ಸೂಚಿಸುತ್ತದೆ. ಈ ಉದ್ಯಾನದ ಅಂಕಿಯನ್ನು ತಲುಪಲು ಸಲಹಾ ಸಂಸ್ಥೆಗಳು ಖಾಸಗಿ ಹೊಲಗಳ ಮೇಲೆ ಹಸಿರು ಬಣ್ಣ ಹಚ್ಚಿಬಿಡುತ್ತವೆ. ಇಲ್ಲಿ 1961ರ ಯೋಜನಾ ಕಾಯ್ದೆಯ 69ನೇ ಪ್ರಕರಣವನ್ನು ಮರೆಯುವಂತಿಲ್ಲ: ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಿದ ನೆಲವನ್ನು ಐದು ವರ್ಷದೊಳಗೆ ಸ್ವಾಧೀನ ಮಾಡಿಕೊಳ್ಳದಿದ್ದರೆ ಆ ಮೀಸಲು ಬಿದ್ದುಹೋಗುತ್ತದೆ. ಹತ್ತು ವರ್ಷದ ಯೋಜನೆ, ಐದು ವರ್ಷದ ಮೀಸಲು. ನಗರಸಭೆಯ ಆಯವ್ಯಯದಲ್ಲಿ ಸ್ವಾಧೀನಕ್ಕೆ ದುಡ್ಡಿಲ್ಲದೆ 80 ಎಕರೆ ಹಸಿರು ತೋರಿಸುವುದಕ್ಕಿಂತ, ಸರ್ಕಾರಿ ಗೋಮಾಳ, ಕೆರೆಯಂಗಳದ ಅಂಚು, ಹಳೆಯ ಗುಂಡುತೋಪು ಇವನ್ನು ಹುಡುಕಿ ಮೊದಲು ಹಸಿರಿಗೆ ಸೇರಿಸಿ. ಖಾಸಗಿ ನೆಲ ಬೇಕೇ ಬೇಕಾದ ಕಡೆ, ಐದು ವರ್ಷದಲ್ಲಿ ನಿಜಕ್ಕೂ ಕೊಳ್ಳಬಹುದಾದಷ್ಟನ್ನೇ ತೋರಿಸಿ. ಮೀಸಲು ಮುಗಿಯುವ ದಿನಾಂಕವನ್ನು ವಹಿಯಲ್ಲಿ ಕೆಂಪಿನಲ್ಲಿ ಬರೆದು, ಎರಡು ವರ್ಷ ಮೊದಲೇ ಸ್ವಾಧೀನದ ಪ್ರಸ್ತಾವ ಕಳುಹಿಸಿ.

ಮಹಾಯೋಜನೆ ಅಂತಿಮವಾಗುವ ಮುನ್ನ ಆಕ್ಷೇಪಣೆಗೆ ಸಿಗುವ 60 ದಿನಗಳಲ್ಲಿ ನೂರಾರು ಅರ್ಜಿ ಬರುತ್ತವೆ. ಬಂದ ಕ್ರಮದಲ್ಲಿ ಜೋಡಿಸಿದರೆ ಕೈಗೆ ಸಿಗುವುದಿಲ್ಲ. ಗ್ರಾಮ ಮತ್ತು ಸರ್ವೆ ನಂಬರಿನ ಪ್ರಕಾರ ಜೋಡಿಸಿ. ಒಂದೇ ರಸ್ತೆಯ ವಿರುದ್ಧ ಬಂದ 30 ಅರ್ಜಿಗಳು ಆಗ ಒಟ್ಟಿಗೆ ಕಾಣುತ್ತವೆ, ಆ ಜನರನ್ನು ಒಂದೇ ದಿನ ಸ್ಥಳದಲ್ಲೇ ಕೇಳಬಹುದು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಎರಡು ಸಾಲಿನಲ್ಲಾದರೂ ಬರೆಯಿರಿ. ‘ಪರಿಗಣಿಸಲು ಅವಕಾಶವಿಲ್ಲ’ ಎಂಬ ಒಂದೇ ವಾಕ್ಯದ ಆದೇಶ ಹೈಕೋರ್ಟಿನಲ್ಲಿ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಯೋಜನೆ ಅಂತಿಮವಾದ ಮರುದಿನದಿಂದಲೇ ಅದೇ ಕಾಯ್ದೆಯ 14-ಎ ಪ್ರಕರಣದಡಿ ಭೂ ಉಪಯೋಗ ಬದಲಾವಣೆಯ ಅರ್ಜಿಗಳು ಶುರುವಾಗುತ್ತವೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು, ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು. ತಾಂತ್ರಿಕ ಅಭಿಪ್ರಾಯ ಬರೆಯುವಾಗ ಆ ಒಂದು ಸರ್ವೆ ನಂಬರನ್ನು ಮಾತ್ರ ನೋಡಬೇಡಿ. ಸುತ್ತ 500 ಮೀಟರಿನಲ್ಲಿ ಹಿಂದೆ ಎಷ್ಟು ಬದಲಾವಣೆಗೆ ಒಪ್ಪಿಗೆಯಾಗಿದೆ ಎಂಬ ನಕ್ಷೆ ಲಗತ್ತಿಸಿ. ಒಂದೊಂದೇ ಅರ್ಜಿ ಸಣ್ಣದಾಗಿ ಕಾಣುತ್ತದೆ. ಐದು ವರ್ಷದ ಒಪ್ಪಿಗೆಗಳನ್ನು ಒಂದೇ ಹಾಳೆಯಲ್ಲಿ ಕಂಡಾಗ ಪ್ರಾಧಿಕಾರದ ಅಧ್ಯಕ್ಷರೂ ಸದಸ್ಯರೂ ತಾವಾಗಿಯೇ ‘ಇಲ್ಲಿ ನೀರು ಎಲ್ಲಿಂದ ಕೊಡುವುದು’ ಎಂದು ಕೇಳುತ್ತಾರೆ. ಸದಸ್ಯರನ್ನು ಎದುರಾಳಿಗಳೆಂದು ನೋಡುವ ಅಧಿಕಾರಿಗಳನ್ನು ನಾನು ಒಪ್ಪುವುದಿಲ್ಲ. ಊರು ಅವರದು, ಸರಿಯಾದ ನಕ್ಷೆಯನ್ನು ಸರಿಯಾದ ಸಮಯಕ್ಕೆ ಮುಂದಿಡುವುದು ನಮ್ಮ ಕೆಲಸ. ಬಾಯಿಮಾತಿನ ಸೂಚನೆ ಬಂದರೆ ಮಾತ್ರ ಅದೇ ದಿನ ಟಿಪ್ಪಣಿ ಹಾಳೆಯಲ್ಲಿ ‘ಸೂಚಿಸಿದಂತೆ ಮಂಡಿಸಿದೆ’ ಎಂದು ದಿನಾಂಕದೊಂದಿಗೆ ದಾಖಲಿಸಿ.

ಕಟ್ಟಡ ಪರವಾನಗಿ ನಗರಸಭೆಯದಾದರೂ ಯೋಜನಾ ಮುಖ್ಯಸ್ಥರು ದೂರ ಉಳಿಯುವಂತಿಲ್ಲ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಟ್ಟಡ ಪೂರ್ಣಗೊಂಡ (ಸಿಸಿ) ಅಥವಾ ಸ್ವಾಧೀನಾನುಭವ (ಒಸಿ) ಪ್ರಮಾಣಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡುವಂತಿಲ್ಲ; ಒಪ್ಪಿಗೆಯಾದ ನಕ್ಷೆಯನ್ನು ಕಟ್ಟಡದ ಸ್ಥಳದಲ್ಲಿ ಪ್ರದರ್ಶಿಸಬೇಕು; ತಪ್ಪಿದ ಅಧಿಕಾರಿಗಳೂ ಹೊಣೆ. ರಾಜ್ಯ ಸರ್ಕಾರದ ನಂತರದ ಆದೇಶಗಳನ್ನು ಇದರ ಜೊತೆಗೇ ಇಟ್ಟು ಓದಿ. ಮನೆ ಮುಗಿದ ಮೇಲೆ ತಪ್ಪು ಹುಡುಕುವುದು ಯಾರಿಗೂ ಒಳ್ಳೆಯದಲ್ಲ. ಪಾಯದ ಮಟ್ಟಕ್ಕೆ ಬಂದಾಗಲೇ ಕಿರಿಯ ಅಭಿಯಂತರ ಹೋಗಿ ನಾಲ್ಕೂ ಬದಿಯ ಬಿಡು ಜಾಗ ಅಳೆದು ಸಹಿ ಮಾಡಿದರೆ, ಆಗ ಸರಿಪಡಿಸುವ ಖರ್ಚು ಮಾಲೀಕರಿಗೆ ಹೊರಲಾಗದ್ದೇನಲ್ಲ.

ಸಿಬ್ಬಂದಿ ಕೊರತೆ ಎಲ್ಲ ಕಡೆಯದು. 2021ರ ನೀತಿ ಆಯೋಗದ ವರದಿಯ ಪ್ರಕಾರ ದೇಶದ ರಾಜ್ಯ ಯೋಜನಾ ಇಲಾಖೆಗಳಲ್ಲಿ ನಗರ ಯೋಜಕರ ಮಂಜೂರಾದ ಹುದ್ದೆಗಳೇ 4 ಸಾವಿರದೊಳಗೆ, ಅದರಲ್ಲೂ ಶೇ. 42 ಖಾಲಿ. ಹಾಗಾಗಿ ಇರುವ ಮೂರು ನಾಲ್ಕು ಜನರ ಸಮಯವನ್ನು ಉಳಿಸುವುದು ಮುಖ್ಯ. ವಾರದಲ್ಲಿ ಎರಡು ದಿನ ಬೆಳಗ್ಗೆ ಸ್ಥಳ ಪರಿಶೀಲನೆಗೆ ನಿಗದಿ ಮಾಡಿ, ಒಂದೇ ದಿಕ್ಕಿನ ಕಡತಗಳನ್ನು ಒಟ್ಟಿಗೆ ಕಟ್ಟಿ. ಅರ್ಜಿಯಲ್ಲಿ ಕೊರತೆ ಇದ್ದರೆ ಎಲ್ಲ ಕೊರತೆಗಳನ್ನೂ ಒಂದೇ ಹಿಂಬರಹದಲ್ಲಿ ಕೊಡಿ. ಒಂದು ತಿಂಗಳು ಋಣಭಾರ ಪತ್ರ, ಮುಂದಿನ ತಿಂಗಳು 11-ಇ ನಕ್ಷೆ (ಸರ್ವೆ ಇಲಾಖೆಯ ಜಮೀನು ನಕ್ಷೆ), ಮತ್ತೊಂದು ತಿಂಗಳು ವಂಶವೃಕ್ಷ ಎಂದು ಕೇಳುವ ಕಚೇರಿಯ ಬಾಗಿಲಲ್ಲೇ ಮಧ್ಯವರ್ತಿಗಳು ಹುಟ್ಟುತ್ತಾರೆ. ಅರ್ಜಿದಾರರು ನೇರವಾಗಿ ಬಂದು ತಮ್ಮ ಕಡತ ಯಾರ ಮೇಜಿನ ಮೇಲಿದೆ ಎಂದು ಕೇಳಿದರೆ ಐದು ನಿಮಿಷದಲ್ಲಿ ಉತ್ತರ ಸಿಗಬೇಕು.

ಸಣ್ಣ ನಗರದ ಹುದ್ದೆಯಲ್ಲಿ ವರ್ಗಾವಣೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಅದಕ್ಕಾಗಿ ಪ್ರಭಾರ ಪಟ್ಟಿಯನ್ನು ಮೊದಲ ತಿಂಗಳಿನಿಂದಲೇ ಬರೆಯುತ್ತಾ ಹೋಗಿ: ಉದ್ಯಾನ ವಹಿಯ ಸಹಿಯಾದ ಪ್ರತಿ ಮತ್ತು ಅದರಲ್ಲಿ ಅಪೂರ್ಣವಾಗಿರುವ ಸಾಲುಗಳು, ಜಿಐಎಸ್ ಮೂಲ ಕಡತಗಳಿರುವ ಎರಡು ಹಾರ್ಡ್ ಡಿಸ್ಕ್ (ಒಂದು ಕಚೇರಿಯಲ್ಲಿ, ಇನ್ನೊಂದು ಜಿಲ್ಲಾ ಕಚೇರಿಯಲ್ಲಿ), ಬಾಕಿ ಉಳಿಸಿದ ನಿವೇಶನಗಳ ಬಡಾವಣೆವಾರು ಪಟ್ಟಿ, ಐದು ವರ್ಷದ ಮೀಸಲು ಮುಗಿಯುವ ದಿನಾಂಕಗಳು, ನ್ಯಾಯಾಲಯದ ಪ್ರಕರಣಗಳ ಮುಂದಿನ ವಿಚಾರಣೆ ಮತ್ತು ವಕೀಲರಿಗೆ ಇನ್ನೂ ಕೊಡದ ದಾಖಲೆಗಳು. ಲಾಗಿನ್ ಮತ್ತು ಡಿಜಿಟಲ್ ಸಹಿಯ ಕೀ ಬದಲಾಯಿಸುವ ಅರ್ಜಿಯನ್ನು ಬಿಡುಗಡೆಯಾದ ದಿನವೇ ಕಳುಹಿಸಿ. ಹೊಸಬರೊಂದಿಗೆ ಒಂದು ಪೂರ್ತಿ ದಿನ ಊರು ಸುತ್ತಿ, ವಹಿಯಲ್ಲಿ ಕೆಂಪಿನಲ್ಲಿರುವ ಪ್ರತಿ ಉದ್ಯಾನ, ಪ್ರತಿ ಕೋಡಿ ಕಾಲುವೆಯ ಎದುರು ನಿಂತು ತೋರಿಸಿ, ಆಮೇಲೆ ಪ್ರಭಾರ ವರದಿಗೆ ಇಬ್ಬರೂ ಸಹಿ ಮಾಡಿ.